ಗಾಳಿ ಸೋಕಬಾರದು

ಗುರುವಾರ ಬೆಳಗ್ಗೆ ಎಂಟಕ್ಕೆ, ಕಸ ಗುಡಿಸುವವರೂ ಬಂದಿರದ ಹೊತ್ತಿಗೆ, ಅವನು ಪ್ರಯೋಗಾಲಯದ ಬೀಗ ತೆಗೆದು ಒಳಗೆ ಬಂದ. ಹೆಗಲ ಮೇಲಿನ ಚೀಲವನ್ನೂ ಇಳಿಸದೆ ನೇರವಾಗಿ ಇನ್‌ಕ್ಯುಬೇಟರಿನ ಮುಂದೆ ಹೋಗಿ ಬಗ್ಗಿ ನೋಡಿದ. ಬಾಗಿಲಿಗೂ ಚೌಕಟ್ಟಿಗೂ ಅಡ್ಡವಾಗಿ ನಿನ್ನೆ ಸಂಜೆ ಎಂಜಲು ಹಚ್ಚಿ ಅಂಟಿಸಿ ಹೋಗಿದ್ದ ತಲೆಕೂದಲು ಹಾಗೇ ಇತ್ತು. ಅಂದರೆ ಯಾರೂ ತೆರೆದಿಲ್ಲ. ಇದರಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಯಾರಾದರೂ ತೆರೆದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ನಲವತ್ತೇಳು ವರ್ಷದ, ನೆತ್ತಿಯಲ್ಲಿ ಎಣಿಸಿ ಹೇಳಬಹುದಾದಷ್ಟೇ ಕೂದಲು ಉಳಿದ ಮನುಷ್ಯ ಅದರಲ್ಲೂ ಒಂದನ್ನು ಕಿತ್ತು ಬಾಗಿಲು ಕಾಯಲು ಇಟ್ಟಿದ್ದಾನೆಂದು ಗೊತ್ತಾದರೆ ನಾಲ್ಕು ಜನರ ಮುಂದೆ ಮುಖ ಎತ್ತಿ ತಿರುಗುವ ಹಾಗಿಲ್ಲ ಎಂದುಕೊಂಡು ಆ ಕೂದಲನ್ನು ಊದಿಬಿಟ್ಟ. ಒಳಗೆ ಎರಡು ಸಾಲು ಬಾಟಲಿಗಳಿದ್ದವು, ಒಂದೊಂದು ಸಾಲಿಗೆ ಹನ್ನೆರಡು. ಮೇಲಿನ ಸಾಲು ಅವನ ಕೈಯದು, ಕೆಳಗಿನದು ಸಹಾಯಕಿ ಅಕ್ಕನ ಕೈಯದು. ಅವನದನ್ನು ಒಂದೊಂದಾಗಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಹನ್ನೆರಡೂ ಕುಡಿಯುವ ನೀರಿನಷ್ಟು ತಿಳಿಯಾಗಿದ್ದವು. ಅಕ್ಕನದನ್ನು ಎತ್ತುವ ಮೊದಲೇ ಗೊತ್ತಿತ್ತು. ಹನ್ನೆರಡೂ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿದ್ದವು. ಇದು ಮೂರನೆಯ ಸಲ.

ಒಂದೇ ಫ್ಲಾಸ್ಕಿನಿಂದ ಬಗ್ಗಿಸಿದ ಮೀಡಿಯಂ, ಅಂದರೆ ಸೂಕ್ಷ್ಮಜೀವಿ ಬೆಳೆಯುವ ದ್ರವ. ಒಂದೇ ನೀರು, ಒಂದೇ ತಕ್ಕಡಿ, ಒಂದೇ ಸಿಲಿಂಡರಿನ ಗ್ಯಾಸು. ಎರಡನೆಯ ಸಲ ಬಾಟಲಿಗಳನ್ನೇ ಅದಲುಬದಲು ಮಾಡಿ ನೋಡಿದ್ದ, ರಬ್ಬರ್ ಬಿರಡೆಗಳನ್ನೂ ಹಂಚಿ ಹಾಕಿದ್ದ. ಏನು ಮಾಡಿದರೂ ಅವಳು ಮುಟ್ಟಿದ್ದು ಬೆಳೆಯುತ್ತಿತ್ತು, ಅವನು ಮುಟ್ಟಿದ್ದು ಬೆಳೆಯುತ್ತಿರಲಿಲ್ಲ. ಆ ಜೀವಿಯ ಹಟವೇನು ಸಣ್ಣದಲ್ಲ. ಊರಿನ ಕೊಚ್ಚೆಯೆಲ್ಲ ಬಂದು ಬೀಳುವ ಹೊಂಡದ ತಳದಿಂದ, ಮೊಣಕೈವರೆಗೆ ಕೆಸರು ಮಾಡಿಕೊಂಡು ಅವನೇ ತಂದದ್ದು. ನಮ್ಮ ನಿಮ್ಮಂಥವರು ಉಸಿರಾಡುವ ಗಾಳಿ ಅದಕ್ಕೆ ವಿಷ; ಒಂದು ಗುಟುಕು ಒಳಗೆ ಹೋದರೂ ಸಾಕು. ಅದಕ್ಕೇ ಮೀಡಿಯಮ್ಮಿಗೆ ಒಂದು ಬಣ್ಣ ಹಾಕಿರುತ್ತಾರೆ, ಗಾಳಿ ನುಗ್ಗಿದ ಕೂಡಲೇ ಅದು ಗುಲಾಬಿಗೆ ತಿರುಗಿ ಚಾಡಿ ಹೇಳುತ್ತದೆ. ನಾಲ್ಕು ಪಾಲು ಜಲಜನಕ, ಒಂದು ಪಾಲು ಇಂಗಾಲಾಮ್ಲ ತುಂಬಿಕೊಟ್ಟರೆ ಅದನ್ನು ತಿಂದು, ಒಲೆಯಲ್ಲಿ ಉರಿಯುವಂಥ ಮೀಥೇನ್ ಬಿಡುತ್ತದೆ. ಎಲ್ಲರೂ ಅದಕ್ಕೆ ದನದ ಹೊಟ್ಟೆಯ ರಸ ಬೆರೆಸಿ ಸಾಕುತ್ತಿದ್ದ ಕಾಲದಲ್ಲಿ, ಆ ನಾರುವ ರಸ ಬೇಡವೇ ಬೇಡ, ಇಷ್ಟು ಉಪ್ಪು, ಇಷ್ಟು ಗಂಧಕ, ಇಷ್ಟು ಕಬ್ಬಿಣ, ಚೂರು ಕೋಬಾಲ್ಟ್ ಇದ್ದರೆ ಸಾಕು, ಬೇರೇನೂ ಬೇಕಿಲ್ಲ ಎಂದು ಬರೆದವನು ಅವನು. ಆ ಕೊನೆಯ ಮಾತನ್ನು ಬರೆಯುವಾಗ ಟೈಪ್‌ರೈಟರಿನ ಕೀಲಿಗಳನ್ನು ಸ್ವಲ್ಪ ಜೋರಾಗಿಯೇ ಕುಟ್ಟಿದ್ದ. ಜೀವಮಾನದಲ್ಲಿ ಅವನ ಹೆಸರಿಗೆ ಇದ್ದದ್ದು ಅದೊಂದೇ.

ಮೂರು ತಿಂಗಳ ಹಿಂದೆ ದೂರದ ಪ್ರಯೋಗಾಲಯವೊಂದರಿಂದ ಪತ್ರ ಬಂತು. ತಾವು ತಿಳಿಸಿದ ಪಟ್ಟಿಯಂತೆಯೇ ಮಾಡಿದೆವು, ಆರು ಸಲವೂ ಬೆಳೆಯಲಿಲ್ಲ, ಏನನ್ನಾದರೂ ಬರೆಯುವುದು ಬಿಟ್ಟುಹೋಗಿದೆಯೇ ಎಂದು ಬಹಳ ಮರ್ಯಾದೆಯಿಂದ ಕೇಳಿದ್ದರು. ಮರ್ಯಾದೆ ಇದ್ದದ್ದರಿಂದಲೇ ಅದು ಇನ್ನಷ್ಟು ಚುಚ್ಚಿತು. ಪತ್ರದ ಪ್ರತಿಯೊಂದು ನಿರ್ದೇಶಕರಿಗೂ ಹೋಗಿತ್ತು. ಈ ವಾರ ಅವರು ಕರೆದು, ಪತ್ರ ಬರೆದವರೇ ಮುಂದಿನ ವಾರ ಶುಕ್ರವಾರ ಬರುತ್ತಾರೆ, ನಿಮ್ಮ ಕೈಯಾರೆ ಬೆಳೆಸಿ ತೋರಿಸಿಬಿಡಿ, ಬಾಯಿ ಮುಚ್ಚಲಿ ಎಂದರು. ನಿಮ್ಮ ಕೈಯಾರೆ ಎಂದದ್ದನ್ನು ಅವನು ಮೆಟ್ಟಿಲಿಳಿಯುವಾಗ ಹತ್ತು ಸಲ ತಿರುಗಿಸಿ ನೋಡಿದ. ಅವರಿಗೆ ಗೊತ್ತಿದೆಯೇ? ಎರಡು ವರ್ಷದ ಕೆಲಸದಲ್ಲಿ ಬಾಟಲಿ ಚುಚ್ಚಿದ್ದೆಲ್ಲ ಅಕ್ಕ, ಲೆಕ್ಕ ಹಾಕಿ ಬರೆದದ್ದು ಮಾತ್ರ ತಾನು ಎಂದು ಯಾರಾದರೂ ಊದಿದ್ದಾರೆಯೇ? ಮನೆಯಲ್ಲಿ ಹೆಂಡತಿ ಆ ಪತ್ರ ಓದಿ, ಸಣ್ಣಗೆ ನಕ್ಕ ಹಾಗೆ ಕಂಡಿತು. ಯಾಕೆ ನಕ್ಕೆ ಎಂದು ಕೇಳಿದ. ನಕ್ಕಿಲ್ಲವಲ್ಲ ಎಂದಳು. ನಕ್ಕೆ, ನಾನು ನೋಡಿದೆ ಎಂದ. "ರೀ, ನನ್ನ ಮುಖ ಇರೋದೇ ಹೀಗೆ, ಮದುವೆ ಆದಾಗ್ಲೂ ಹೀಗೇ ಇತ್ತು," ಎಂದು ಅವಳು ಬಟ್ಟೆ ಮಡಿಸುವುದನ್ನು ಮುಂದುವರಿಸಿದಳು. ಅವನು ಪತ್ರವನ್ನು ಅವಳ ಕೈಗೆ ಸಿಗದ ಕಡೆ ಎತ್ತಿಟ್ಟ.

ಅಕ್ಕ ಒಂಬತ್ತಕ್ಕೆ ಸರಿಯಾಗಿ ಬಂದಳು. ಅವನಿಗಿಂತ ಏಳೆಂಟು ವರ್ಷ ದೊಡ್ಡವಳು, ಈ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಇಪ್ಪತ್ತೆರಡು ವರ್ಷ ಕಳೆದವಳು. ನಿರ್ದೇಶಕರಿಂದ ಹಿಡಿದು ಸಿಲಿಂಡರ್ ಹೊರುವವನವರೆಗೆ ಎಲ್ಲರಿಗೂ ಅಕ್ಕ. ಬಂದವಳು ಚೀಲವನ್ನು ತನ್ನ ಮೇಜಿನ ಕೆಳಗೆ ಗೋಡೆಗೊರಗಿಸಿ ಇಟ್ಟಳು. ಯಾವಾಗಲೂ ಗೋಡೆಗೇ ಒರಗಿಸುತ್ತಾಳೆ, ಒಳಗಿನದು ವಾಲಬಾರದು ಎನ್ನುವ ಹಾಗೆ. ಅವನು ಅದನ್ನು ಮೂರು ದಿನದಿಂದ ಗಮನಿಸುತ್ತಿದ್ದ. ಅವಳು ಬಾಟಲಿಗಳ ಎರಡು ಸಾಲನ್ನೂ ನೋಡಿ, ಅವನ ಮುಖವನ್ನೂ ನೋಡಿ, ಪಾಪ ಎನ್ನುವಂತೆ ತುಟಿ ಬಿಗಿಹಿಡಿದಳು. ಏನು ಹಾಕಿದ್ರಿ ಅಕ್ಕಾ ಎಂದು ಅವನು ಆದಷ್ಟು ಹಗುರವಾಗಿ ಕೇಳಿದ. "ನೀವು ಬರೆದುಕೊಟ್ಟಿದ್ದೇ ಹಾಕಿದ್ದು ಸಾರ್. ಇನ್ನೇನು ಹಾಕ್ಲಿ? ಕೈಗುಣ ಅಷ್ಟೇ," ಎಂದಳು. ಆ ಮಾತು ಕೇಳಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಕೈಗುಣವಂತೆ! ಗಿಡ ನೆಡುವವರು, ಬಾಣಂತಿಗೆ ಎಣ್ಣೆ ತಿಕ್ಕುವವರು ಆಡುವ ಮಾತು. ಅವನು ಕಲಿತದ್ದು ಗುರುಗಳ ಹತ್ತಿರ, ಹಳೆಯ ಕಟ್ಟುನಿಟ್ಟಿನ ಪದ್ಧತಿಯಲ್ಲಿ: ಬಿರಡೆ ತೆಗೆಯುವ ಮೊದಲೇ ಬಾಟಲಿಯ ಬಾಯಿಗೆ ಗ್ಯಾಸಿನ ಕೊಳವೆ ಹಿಡಿದು, ಹೊರಗಿನ ಗಾಳಿ ಇಣುಕದಂತೆ ಕಾದು, ಗಾಜಿನ ಪಿಪೆಟ್ಟಿನಿಂದ ಉಪ್ಪು, ಜೀವಿ ಎಲ್ಲವನ್ನೂ ಹನಿಹನಿಯಾಗಿ ಬಿಟ್ಟು, ಮತ್ತೆ ಬಿರಡೆ ಒತ್ತುವುದು. ಗಾಜಿನಂಥ ಸ್ವಚ್ಛವಾದದ್ದು ಇನ್ನಿಲ್ಲ ಎಂದು ಗುರುಗಳು ಹೇಳುತ್ತಿದ್ದರು. ಅಕ್ಕನಿಗೆ ಅಷ್ಟೆಲ್ಲ ಶಾಸ್ತ್ರವಿಲ್ಲ. ಬಿರಡೆ ತೆಗೆಯುವುದೇ ಇಲ್ಲ. ಉದ್ದ ಸ್ಟೀಲ್ ಸೂಜಿಯ ಸಿರಿಂಜಿನಿಂದ ರಬ್ಬರನ್ನು ಚುಚ್ಚಿ ಒಳಗೆ ಬಿಟ್ಟು, ಪಟಪಟನೆ ಹನ್ನೆರಡೂ ಮುಗಿಸಿ, ಕೈ ಒರೆಸಿಕೊಂಡು ಕೂತುಬಿಡುತ್ತಾಳೆ.

ಅವನ ಲೆಕ್ಕ ಹೀಗಿತ್ತು. ಅವಳು ಕದ್ದು ದನದ ಹೊಟ್ಟೆಯ ರಸ ಬೆರೆಸುತ್ತಿದ್ದಾಳೆ. ಫ್ರೀಜಿನಲ್ಲಿದ್ದ ಹಳೆಯ ರಸದ ಬಾಟಲಿಗಳಿಗೆ ಅವನು ಪೆನ್ನಿನಿಂದ ಗೆರೆ ಎಳೆದಿಟ್ಟಿದ್ದ, ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಹಾಗಾದರೆ ಹೊರಗಿನಿಂದ ತರುತ್ತಿದ್ದಾಳೆ. ಯಾಕೆ? ಮೊದಮೊದಲು ಅವನ ಮೇಲಿನ ಕನಿಕರಕ್ಕೆ ಇರಬಹುದು, ಬೆಳೆಯಲಿಲ್ಲವೆಂದು ಅವನು ಪರದಾಡುವುದನ್ನು ನೋಡಲಾರದೆ. ಆಮೇಲೆ ಬಿಡಲಾಗದೆ. ಅಥವಾ ಇನ್ನೇನೋ, ಇಪ್ಪತ್ತೆರಡು ವರ್ಷ ಸಹಾಯಕಿಯಾಗಿಯೇ ಇರುವವಳ ಹೊಟ್ಟೆಯಲ್ಲಿ ಏನಿದೆಯೋ ಯಾರು ಬಲ್ಲರು. ಕನಿಕರವಾದರೂ ದ್ವೇಷವಾದರೂ ಅವನ ಪಾಲಿಗೆ ಒಂದೇ. ಬರೆದದ್ದು ಸುಳ್ಳಾಗುತ್ತದೆ, ಶುಕ್ರವಾರ ಎಲ್ಲರೆದುರು ತಿಳಿನೀರಿನ ಬಾಟಲಿ ಹಿಡಿದು ನಿಲ್ಲಬೇಕಾಗುತ್ತದೆ. ಅಮ್ಮ ಹಾಸಿಗೆ ಹಿಡಿದಾಗಲೂ ಹೀಗೇ ಆಗಿತ್ತು. ಅವನು ತುತ್ತು ಹಿಡಿದರೆ ತುಟಿ ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದ ಅಮ್ಮ, ತಂಗಿ ಬಂದು ಕೂತರೆ ಹಕ್ಕಿಮರಿಯ ಹಾಗೆ ಬಾಯಿ ತೆರೆಯುತ್ತಿದ್ದಳು. ಸಕ್ಕರೆ ಕಾಯಿಲೆಯ ಅಮ್ಮನಿಗೆ ತಂಗಿ ಕದ್ದು ಸಕ್ಕರೆ ಬೆರೆಸುತ್ತಿದ್ದಾಳೆಂದು ಅವನಿಗೆ ಎಷ್ಟು ಖಚಿತವಾಗಿತ್ತೆಂದರೆ, ಒಂದು ಮಧ್ಯಾಹ್ನ ಅಡುಗೆಮನೆಗೆ ನುಗ್ಗಿ ಅಮ್ಮನ ಬಟ್ಟಲಿಗೆ ಬೆರಳದ್ದಿ ನೆಕ್ಕಿದ್ದ. ಸಪ್ಪಗಿತ್ತು. ತಿರುಗಿದರೆ ತಂಗಿ ಬಾಗಿಲಲ್ಲಿ ನಿಂತಿದ್ದಳು. ಅವಳು ಬಯ್ಯಲಿಲ್ಲ. ಒಂದು ಚಮಚ ತಂದು ಅವನ ಕೈಗೆ ಕೊಟ್ಟು, ಹಸಿವಾಗಿದ್ದರೆ ಸರಿಯಾಗಿ ತಿನ್ನು ಅಣ್ಣ ಎಂದಳು. ಇವತ್ತಿಗೂ ಅವಳ ಮನೆಗೆ ಹೋದಾಗ ಊಟಕ್ಕೆ ಕೂತರೆ ಅವನಿಗೆ ಆ ಚಮಚವೇ ಕಾಣುತ್ತದೆ, ಏನೋ ಕೆಲಸದ ನೆಪ ಹೇಳಿ ಎದ್ದುಬಿಡುತ್ತಾನೆ.

ಹನ್ನೆರಡೂಮುಕ್ಕಾಲಿಗೆ ಅಕ್ಕ ಗಾಜಿನ ಸಾಮಾನು ಕುದಿಸಲು ಪಕ್ಕದ ಕೋಣೆಗೆ ಹೋದಳು. ಅಲ್ಲಿ ಆವಿ ಏಳಲು, ಇಳಿಯಲು ಕಾಲು ಗಂಟೆ ಬೇಕು. ಒಂದಕ್ಕೆ ಆ ಚೀಲ ಎತ್ತಿಕೊಂಡು ಹೊರಟರೆ ಎರಡಕ್ಕೇ ವಾಪಸು, ದಿನಾ ಹಾಗೇ, ಎಲ್ಲಿಗೆ ಎಂದು ಅವನು ಯಾವತ್ತೂ ಕೇಳಿರಲಿಲ್ಲ. ಕೇಳಿದರೆ ಎಚ್ಚೆತ್ತುಕೊಳ್ಳುತ್ತಾಳಲ್ಲ. ಅವನು ಮಂಡಿಯೂರಿ ಮೇಜಿನ ಕೆಳಗೆ ಕೈ ಹಾಕಿದ. ಬಾಚಣಿಗೆ, ಛತ್ರಿ, ಮಡಿಸಿದ ಒಂದು ಗಂಡಸಿನ ಅಂಗಿ, ಅದರ ಮಧ್ಯೆ ಬಟ್ಟೆ ಸುತ್ತಿದ ಅಗಲ ಬಾಯಿಯ ಬಾಟಲಿ. ಇನ್ನೂ ಬೆಚ್ಚಗಿತ್ತು. ಮುಚ್ಚಳ ತಿರುಗಿಸಿ ಮೂಗಿಗೆ ಹಿಡಿದ. ಕಂದು ಬಣ್ಣದ ಗಟ್ಟಿ ದ್ರವ, ಬೆಂದ ಕಾಳಿನದೋ ಏನೋ ಒಂದು ಮಂಕು ವಾಸನೆ. ಅಲ್ಲ ಎನ್ನಲೂ ಆಗಲಿಲ್ಲ, ಹೌದು ಎನ್ನಲೂ ಆಗಲಿಲ್ಲ. ಪರೀಕ್ಷಿಸಿಯೇ ನೋಡಬೇಕು. ಗಾಜಿನ ಪಿಪೆಟ್ಟು ಹೊಂದಿಸಲು ಸಮಯವಿರಲಿಲ್ಲ. ಅಕ್ಕನ ಸಿರಿಂಜು ಕೈಗೆಟುಕುವಂತೆ ಅವಳ ಮೇಜಿನ ಮೇಲೇ ಇತ್ತು, ಮೀಡಿಯಮ್ಮಿಗೆ ಹನಿಸುವ ಲೋಹದ ಉಪ್ಪುಗಳ ಹುಳಿ ದ್ರಾವಣದ ಪುಟ್ಟ ಬಾಟಲಿಗೆ ಸೂಜಿ ಚುಚ್ಚಿಯೇ ಬಿಟ್ಟಿದ್ದಳು. ಅದನ್ನೇ ಕಿತ್ತುಕೊಂಡ. ತನ್ನ ಹನ್ನೆರಡು ತಿಳಿ ಬಾಟಲಿಗಳಲ್ಲಿ ಆರನ್ನು ಮೊದಲು ಖಾಲಿ ಸೂಜಿಯಿಂದ ಬರೀ ಚುಚ್ಚಿ ತೆಗೆದ. ಹೋಲಿಸಿ ನೋಡಲು ಏನೂ ಹಾಕದ ಬಾಟಲಿ ಬೇಕೇ ಬೇಕು. ಕಳ್ಳತನ ಮಾಡುವಾಗಲೂ ಅವನಿಗೆ ಆ ಶಿಸ್ತು ತಪ್ಪಲಿಲ್ಲ, ಅದು ಅಭ್ಯಾಸ. ಆಮೇಲೆ ಸೂಜಿಯನ್ನು ಅವಳ ಬಾಟಲಿಯೊಳಗೆ ಅದ್ದಿ ಎಳೆದು, ಉಳಿದ ಆರಕ್ಕೆ ಎರಡೆರಡು ಹನಿ ಬಿಟ್ಟ. ಅಷ್ಟರಲ್ಲಿ ಪಕ್ಕದ ಕೋಣೆಯ ಆವಿ ಸುಯ್ಯೆಂದು ಇಳಿಯುವುದು ಕೇಳಿಸಿತು. ಸಿರಿಂಜನ್ನು ನಲ್ಲಿಗೆ ಹಿಡಿದು, ಇದ್ದಲ್ಲೇ ಚುಚ್ಚಿಟ್ಟು, ಬಾಟಲಿಯನ್ನು ಚೀಲಕ್ಕೆ ತುರುಕಿ ಎದ್ದು ನಿಂತಾಗ ಮಂಡಿಯ ಮೇಲೆ ಎರಡು ಧೂಳಿನ ಗುರುತು ಬಿದ್ದಿದ್ದವು. ಅಕ್ಕ ಒಳಗೆ ಬಂದಳು. ಚೀಲ ಎತ್ತಿದಳು, ತಳ ಮುಟ್ಟಿ ನೋಡಿದಳು, ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಅವನ ಮಂಡಿಯ ಕಡೆ ಒಂದು ಗಳಿಗೆ ನೋಡಿದ ಹಾಗಾಯಿತು. ಹೊರಟುಹೋದಳು.

ಸೋಮವಾರ ಬೆಳಗ್ಗೆ ಹನಿ ಬಿದ್ದ ಆರು ಬಾಟಲಿಗಳೂ ಮಬ್ಬಾಗಿದ್ದವು. ಮೊದಲನೆಯದಕ್ಕೆ ಖಾಲಿ ಸಿರಿಂಜು ಚುಚ್ಚಿದ ಕೂಡಲೇ ಅದರ ದಂಡ ತಾನಾಗಿಯೇ ಒಳಗೆ ಎಳೆದುಕೊಂಡಿತು. ಒಳಗಿನ ಜೀವಿ ಐದು ಪಾಲು ಗ್ಯಾಸು ತಿಂದು ಒಂದು ಪಾಲು ಬಿಟ್ಟು, ಬಾಟಲಿಯನ್ನೇ ಬರಿದು ಮಾಡಿತ್ತು. ಸಿಕ್ಕಿಬಿದ್ದಳು ಎಂದುಕೊಂಡ. ತಿಂಗಳುಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು ಅವನಿಗೆ ನಿಜವಾಗಿಯೂ ಸಂತೋಷವಾಯಿತು, ನಾಚಿಕೆಯಿಲ್ಲದ ಸಂತೋಷ. ಬರೀ ಚುಚ್ಚಿದ್ದ ಆರನ್ನು ಕೆಳಗಿನ ತಟ್ಟೆಯಲ್ಲಿ ಹಿಂದಕ್ಕೆ ಇಟ್ಟಿದ್ದ. ಅವನ್ನು ತೆಗೆದು ನೋಡಲು ಒಂದು ನಿಮಿಷವೂ ಬೇಕಾಗಿರಲಿಲ್ಲ. ಬೇಕಾದ್ದು ಸಿಕ್ಕಿತ್ತು, ಹುಡುಕುವುದನ್ನು ನಿಲ್ಲಿಸಿದ. ನೇರ ನಿರ್ದೇಶಕರ ಕೋಣೆಗೆ ಹೋಗಿ, ಒಂದು ಮಾದರಿ ಸಿಕ್ಕಿತು, ಪರೀಕ್ಷಿಸಿದೆ ಎಂದ. ಮಾದರಿ ಎಲ್ಲಿ ಹೇಗೆ ಸಿಕ್ಕಿತೆಂದು ಅವರು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಕ್ಕನನ್ನು ಕರೆಸಿದರು. ಆ ಬಾಟಲಿಯಲ್ಲಿ ಏನಿತ್ತು ಎಂದಾಗ ಅವಳು, ನಮ್ಮ ಮನೆಯವರ ಊಟ, ಹಿಂದಿನ ಬೀದಿಯ ಆಸ್ಪತ್ರೆಯಲ್ಲಿದ್ದಾರೆ, ನುಂಗೋಕಾಗಲ್ಲ, ಮೂಗಿನ ಕೊಳವೆಯಲ್ಲಿ ಬಿಡಬೇಕು, ಅದಕ್ಕೇ ಎಲ್ಲ ಬೇಯಿಸಿ ಅರೆದು ಸೋಸಿ ತರ್ತೀನಿ ಎಂದು ವಿವರಿಸಿದಳು. ಎಷ್ಟು ದಿನದಿಂದ ಎಂದು ನಿರ್ದೇಶಕರು ಕೇಳಿದರು, ಐದು ತಿಂಗಳಾಯಿತು ಎಂದಳು. ಐದು ತಿಂಗಳು ಪಕ್ಕದ ಮೇಜಿನಲ್ಲಿ ಕೂತವನಿಗೆ ಇದು ಗೊತ್ತಿರಲಿಲ್ಲ ಎನ್ನುವುದನ್ನು ಯಾರೂ ಎತ್ತಿ ಆಡಲಿಲ್ಲ. ಹಾಗಾದರೆ ಆ ಊಟ ಬಿದ್ದ ಬಾಟಲಿಯಲ್ಲೇ ಯಾಕೆ ಬೆಳೆಯಿತು ಎಂದು ಅವರು ಕೇಳಿದರು. ಅವಳು ನಿರ್ದೇಶಕರನ್ನು ಬಿಟ್ಟು ಅವನ ಕಡೆ ತಿರುಗಿದಳು.

"ನಾನು ಏನೂ ಹಾಕಿಲ್ಲ, ಸಾರ್."

ಅವನು ಹೂಂ ಎನ್ನುವಂತೆ ತಲೆಯಾಡಿಸಿದ. ಸಾಲ ಕೊಡುವುದಿಲ್ಲವೆಂದು ನಿರ್ಧರಿಸಿದವರು ಕಷ್ಟ ಕೇಳಿಕೊಂಡು ಆಡಿಸುತ್ತಾರಲ್ಲ, ಹಾಗೆ. ವಿಚಾರಣೆ ಮುಗಿಯುವವರೆಗೆ ಕಲ್ಚರ್ ಕೋಣೆಗೆ ಬರಬೇಡಿ, ನೆಲಮಾಳಿಗೆಯಲ್ಲಿ ಗಾಜು ತೊಳೆಯುವ ಕಡೆ ಇರಿ ಎಂದು ಅವಳಿಗೆ ಹೇಳಿ ಕಳುಹಿಸಿದರು. ಇಪ್ಪತ್ತೆರಡು ವರ್ಷದ ಹಿಂದೆ ಅವಳು ಕೆಲಸಕ್ಕೆ ಸೇರಿದ್ದು ಅಲ್ಲಿಗೇ.

ಮಧ್ಯಾಹ್ನ, ವಿಚಾರಣೆಗೆಂದು ವರದಿ ಬರೆಯಲು ಕೂತಾಗ, ಚುಚ್ಚಿದ ಆರು ಬಾಟಲಿಗಳ ಸಾಲಿಗೆ ‘ಬೆಳೆದಿಲ್ಲ’ ಎಂದು ಬರೆಯಬೇಕಿತ್ತು. ನೋಡದೆ ಬರೆಯುವಷ್ಟು ಅವನು ಇನ್ನೂ ಕೆಟ್ಟಿರಲಿಲ್ಲ. ಹೋಗಿ ತೆಗೆದ. ಆರೂ ಮಬ್ಬಾಗಿದ್ದವು. ಕಿಟಕಿಗೆ ಹಿಡಿದ, ದೀಪಕ್ಕೆ ಹಿಡಿದ, ಗ್ಯಾಸು ಅಳೆಯುವ ಯಂತ್ರಕ್ಕೆ ಕೊಟ್ಟ. ಯಂತ್ರದ ಪೆನ್ನು ಕಾಗದದ ಮೇಲೆ ಮೀಥೇನಿನ ಗುಡ್ಡ ಎಳೆಯಿತು. ಏನೂ ಹಾಕಿರಲಿಲ್ಲ. ಬರೀ ಚುಚ್ಚಿದ್ದ. ಅವನು ತನ್ನ ಕುರ್ಚಿಯಲ್ಲಿ ಕೂತು, ಎದುರಿಗೆ ಖಾಲಿ ಬಿದ್ದ ಅಕ್ಕನ ಮೇಜನ್ನು, ಅದರ ಮೇಲಿನ ಪುಟ್ಟ ಬಾಟಲಿಯನ್ನು, ಅದರಲ್ಲಿ ನೆಟ್ಟಗೆ ನಿಂತ ಸ್ಟೀಲ್ ಸೂಜಿಯನ್ನು ನೋಡಿದ. ಆ ಉಪ್ಪಿನ ದ್ರಾವಣ ಮಾಡಿದವನು ಅವನೇ. ಒಂದೇ ದೊಡ್ಡ ಬಾಟಲಿಯಿಂದ ತನಗಿಷ್ಟು, ಅವಳಿಗಿಷ್ಟು ಬಗ್ಗಿಸಿಕೊಟ್ಟದ್ದು. ಎಲ್ಲವನ್ನೂ ಅದಲುಬದಲು ಮಾಡಿ ನೋಡಿದವನು ಅದೊಂದನ್ನು ಮಾಡಿರಲಿಲ್ಲ, ಯಾಕೆಂದರೆ ಅದು ತನ್ನ ಕೈಯದು, ಅನುಮಾನಿಸುವ ಮಾತೇ ಇರಲಿಲ್ಲ. ಅವನ ಪಾಲು ಗಾಜಿನಲ್ಲಿತ್ತು, ಗಾಜಿನಿಂದಲೇ ಹೊರಗೆ ಬರುತ್ತಿತ್ತು. ಅವಳ ಪಾಲಿನಲ್ಲಿ ಹಗಲೂ ರಾತ್ರಿ ಸ್ಟೀಲ್ ನೆನೆಯುತ್ತಿತ್ತು, ಆ ಹುಳಿ ಅದನ್ನು ಚೂರುಚೂರೇ ಕರಗಿಸಿಕೊಳ್ಳುತ್ತಿತ್ತು. ಸ್ಟೀಲ್ ಅಂದರೆ ಬರೀ ಕಬ್ಬಿಣವೇ? ಬೇರೆ ಲೋಹಗಳೂ ಬೆರೆತಿರುತ್ತವೆ.

ಅವತ್ತೇ ಕೆಳಗಿಳಿದು ಹೇಳಿಬಿಡಬಹುದಿತ್ತು. ಯಾವ ಲೋಹ ಎನ್ನುವುದಾದರೂ ಖಚಿತವಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡ. ರಸಾಯನಶಾಸ್ತ್ರದವರ ಉಗ್ರಾಣದಿಂದ ಕ್ರೋಮಿಯಂ, ಮ್ಯಾಂಗನೀಸ್, ನಿಕ್ಕೆಲ್ ಉಪ್ಪುಗಳನ್ನು ಚಿಟಿಕೆಯಷ್ಟು ಬೇಡಿ ತಂದು, ಗಾಜಿನಲ್ಲೇ ಕರಗಿಸಿ, ತನ್ನ ಪಿಪೆಟ್ಟಿನಿಂದ ಒಂದೊಂದು ಬಾಟಲಿಗೆ ಬಿಟ್ಟ. ಆ ದಿನಗಳಲ್ಲಿ ನಿಕ್ಕೆಲ್ ಇಂಥ ಜೀವಿಗೆ ಬೇಕೆಂದು ಅವನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಮಂಗಳವಾರ ಸುಮ್ಮನಿರಲಾರದೆ ಅಕ್ಕನ ದಾಖಲೆ ಪುಸ್ತಕ ತೆಗೆದು ಕೂತ. ಪ್ರತಿ ಪುಟದಲ್ಲೂ ಅವಳ ಗುಂಡನೆಯ ಅಕ್ಷರ, ಕೆಳಗೆ ಅವನ ಸಹಿ. ತಿಂಗಳುಗಟ್ಟಲೆ ಅವನು ಈ ಪುಟಗಳ ತೂಕ, ಅಳತೆಗಳನ್ನು ಸುಳ್ಳು ಸಿಕ್ಕೀತೆಂದು ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದ್ದ. ಪುಟದ ಕೊನೆಯಲ್ಲಿ, ದಿನವೂ, ಒಂದೇ ಸಾಲು ಇತ್ತು: ‘ಸಿರಿಂಜು ಎಂದಿನಂತೆ ಉಪ್ಪಿನ ಬಾಟಲಿಯಲ್ಲೇ ಬಿಟ್ಟಿದೆ, ಬೆಳಗ್ಗೆ ಅದನ್ನೇ ಬಳಸುವುದು.’ ಮುಚ್ಚಿಟ್ಟದ್ದೇನೂ ಇರಲಿಲ್ಲ. ಅವನು ಓದದೆ ಬಿಟ್ಟದ್ದು ಅದೊಂದು ಸಾಲು, ಸಹಿ ಹಾಕಿದ್ದು ಅದರ ಕೆಳಗೇ.

ಗುರುವಾರ ಬೆಳಗ್ಗೆ ನಿಕ್ಕೆಲ್ ಬಿದ್ದ ಬಾಟಲಿ ಬೆಳೆಯಿತು. ಉಳಿದವು ಬೆಳೆಯಲಿಲ್ಲ. ಈಗಂತೂ ಹೇಳಲೇಬೇಕು. ಎರಡು ಸಲ ನೆಲಮಾಳಿಗೆಯ ಮೆಟ್ಟಿಲವರೆಗೆ ಹೋದ. ಒಮ್ಮೆ ಕೆಳಗಿನಿಂದ ಗಾಜು ಗಾಜಿಗೆ ತಗಲುವ ಸದ್ದು, ಅವಳ ಕೆಮ್ಮು ಕೇಳಿಸಿತು. ಅವಳಿಗೆ ಮೊದಲೇ ಎಲ್ಲ ಗೊತ್ತಿದ್ದರೆ ಎನ್ನುವ ಹೊಸ ಹುಳವೊಂದು ತಲೆಯೊಳಗೆ ಹೊಕ್ಕಿತು. ಸೂಜಿಯ ಗುಟ್ಟು ಗೊತ್ತಿದ್ದೂ, ಶುಕ್ರವಾರ ನನ್ನ ಮಾನ ಹೋಗಲಿ ಎಂದು ಬಾಯಿ ಮುಚ್ಚಿಕೊಂಡಿದ್ದಾಳೇನೋ. ಅದಕ್ಕೇ ಅಷ್ಟು ಸಮಾಧಾನದಿಂದ ಕೆಳಗಿಳಿದು ಹೋದಳೇನೋ. ಹೀಗೆ ಅಂದುಕೊಂಡಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಕೆಳಗಿಳಿಯಲಿಲ್ಲ.

ಶುಕ್ರವಾರ ಬಂದವರು ಇಬ್ಬರು. ಪತ್ರ ಬರೆದವರು ತಲೆಯೆಲ್ಲ ನರೆತ ಹಿರಿಯ ವಿಜ್ಞಾನಿ, ಸಣ್ಣ ದನಿಯ ಹೆಂಗಸು. ಜೊತೆಗೆ ಅವರ ಶಿಷ್ಯ. ನಿರ್ದೇಶಕರು ಮೊದಲೇ ಅವನ ಕಿವಿಯಲ್ಲಿ, ಬೆಳೆದದ್ದನ್ನು ತೋರಿಸಿ ಸಾಕು, ಜಾಸ್ತಿ ಎಳೆಯಬೇಡಿ ಎಂದಿದ್ದರು. ಅವನು ಬಾಟಲಿಗಳನ್ನು ಸಾಲಾಗಿ ಇಟ್ಟ. ಪಟ್ಟಿಯಲ್ಲಿರುವುದು ಬಿಟ್ಟು ಇನ್ನೇನಾದರೂ ಹಾಕಿದ್ದೀರಾ ಎಂದು ಹಿರಿಯಾಕೆ ಕೇಳಿದರು. ಹಾಕಿದ್ದೇನೆ, ನಾನು ಬರೆದದ್ದು ತಪ್ಪು, ಬೇರೇನೂ ಬೇಡ ಎಂದದ್ದು ಸುಳ್ಳು ಎಂದ. ನಿರ್ದೇಶಕರ ಮುಖ ಸುಟ್ಟ ಬದನೆಕಾಯಿಯಾಯಿತು. ಅವನು ನಿಲ್ಲಲಿಲ್ಲ, ಸೂಜಿ, ಹುಳಿ, ಸ್ಟೀಲ್, ನಿಕ್ಕೆಲ್ ಎಲ್ಲವನ್ನೂ ಹೇಳಿದ, ಹೇಳುತ್ತಾ ಹೋದಂತೆ ದನಿ ಗಟ್ಟಿಯಾಯಿತು. ಹಿರಿಯಾಕೆ ಕನ್ನಡಕ ತೆಗೆದು ಬಾಟಲಿಯನ್ನು ಕಣ್ಣಿನ ಹತ್ತಿರ ಹಿಡಿದು, ಅಯ್ಯೋ ನಾವೂ ಗಾಜಿನದೇ ಬಳಸೋದು ಎಂದು ನಕ್ಕುಬಿಟ್ಟರು. ಅವನ ಕೈಯನ್ನು ಎರಡೂ ಕೈಗಳಿಂದ ಹಿಡಿದು ಕುಲುಕಿದರು. ತಪ್ಪನ್ನು ಹೀಗೆ ಒಪ್ಪಿಕೊಳ್ಳುವವರನ್ನು ನೋಡಿ ಎಷ್ಟು ಕಾಲವಾಯಿತೋ, ಇದು ನಿಮ್ಮ ಹಿಂದಿನದಕ್ಕಿಂತ ದೊಡ್ಡ ಕೆಲಸ ಎಂದರು. ನಿರ್ದೇಶಕರಿಗೆ ಜೀವ ಬಂದ ಹಾಗಾಗಿ ಬೆನ್ನು ತಟ್ಟಿದರು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅವನಿಗೆ ಎದುರಿಗಿರುವವರ ನಗುವಿನ ಹಿಂದೆ ಏನಿದೆ ಎಂದು ನೋಡಬೇಕೆನಿಸಲಿಲ್ಲ. ಚಹಾ ತರಿಸಿದರು. ಅವನು ಒಂದು ನಿಮಿಷ ಎಂದು ಹೇಳಿ, ಹುಡುಗನ ಹಾಗೆ ಎರಡೆರಡು ಮೆಟ್ಟಿಲಿಳಿದು ನೆಲಮಾಳಿಗೆಗೆ ಓಡಿದ.

ಅಕ್ಕ ದೊಡ್ಡ ಕಲ್ಲಿನ ತೊಟ್ಟಿಯ ಮುಂದೆ ತೋಳು ಮಡಿಸಿಕೊಂಡು ಪಿಪೆಟ್ಟುಗಳನ್ನು ತೊಳೆಯುತ್ತಿದ್ದಳು. ನೀರಿನಲ್ಲಿ ನೆನೆದು ಬೆರಳುಗಳ ತುದಿ ಸುಕ್ಕಾಗಿದ್ದವು. ಅವನು ಉಸಿರು ಬಿಡದೆ ಎಲ್ಲ ಹೇಳಿದ, ಅವಳ ಸೂಜಿಯಿಂದಲೇ ಗೊತ್ತಾದದ್ದು, ಅವರು ಎಷ್ಟು ಮೆಚ್ಚಿಕೊಂಡರು ಎಂದೆಲ್ಲ. ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಮುಗಿದ ಮೇಲೆ, "ನನ್ನ ವಿಷಯ ಹೇಳಿದ್ರಾ ಸಾರ್?" ಎಂದಳು. ಅವನು ಬಾಯಿ ತೆರೆದ. ತಪ್ಪು ಎಂದು ಒಪ್ಪಿಕೊಂಡಿದ್ದ, ಸುಳ್ಳು ಎಂಬ ಮಾತನ್ನೂ ಬಳಸಿದ್ದ, ಸೂಜಿಯ ಉದ್ದ ಎಷ್ಟೆಂಬುದನ್ನು ಸಹ ಹೇಳಿದ್ದ. ಆ ಸೂಜಿ ಹಿಡಿದವಳು ಇವತ್ತು ಎಲ್ಲಿದ್ದಾಳೆ, ಯಾಕಿದ್ದಾಳೆ ಎನ್ನುವುದು ನಾಲಿಗೆಯ ತುದಿಗೂ ಬಂದಿರಲಿಲ್ಲ. ತನಗೆ ಶೋಭೆ ತರುವಷ್ಟು ತಪ್ಪನ್ನು ಮಾತ್ರ ಆರಿಸಿ ಒಪ್ಪಿಕೊಂಡಿದ್ದ. ಇಲ್ಲ ಎಂದ. ಅವಳು ಇನ್ನೊಂದು ಪಿಪೆಟ್ಟು ಎತ್ತಿಕೊಂಡಳು.

ಅವನು ಮತ್ತೆ ಮೇಲೆ ಹೋದ. ಈ ಸಲ ಒಂದೊಂದೇ ಮೆಟ್ಟಿಲು. ಚಹಾದ ಕಪ್ಪುಗಳ ಮಧ್ಯೆ ನಿಂತು, ಇನ್ನೊಂದು ಹೇಳುವುದಿದೆ ಎಂದ. ನಿರ್ದೇಶಕರು ಕಣ್ಣಲ್ಲೇ ಬೇಡ ಎಂದದ್ದು ಕಂಡಿತು. ಎರಡು ವರ್ಷ ಈ ಬಾಟಲಿಗಳನ್ನು ಬೆಳೆಸಿದ್ದು ನಾನಲ್ಲ, ನಮ್ಮ ಸಹಾಯಕಿ. ಅವರು ಏನೋ ಕದ್ದು ಬೆರೆಸುತ್ತಾರೆಂದು ಅವರ ಚೀಲ ತೆರೆದೆ, ಅದರಲ್ಲಿ ಕಾಯಿಲೆಯ ಗಂಡನಿಗೆ ಕೊಳವೆಯಲ್ಲಿ ಬಿಡುವ ಊಟವಿತ್ತು, ಇದೇ ಸೂಜಿಯನ್ನು ಅದರಲ್ಲಿ ಅದ್ದಿದೆ, ಅದರ ಆಧಾರದ ಮೇಲೆ ದೂರು ಕೊಟ್ಟೆ, ಈಗ ಅವರು ಕೆಳಗೆ ಗಾಜು ತೊಳೆಯುತ್ತಿದ್ದಾರೆ ಎಂದ. ಯಾರೂ ಕೈ ಕುಲುಕಲಿಲ್ಲ. ಶಿಷ್ಯ ತನ್ನ ಕಪ್ಪಿನೊಳಗೆ ನೋಡುತ್ತ ಕೂತ. ಹಿರಿಯಾಕೆ, ಆ ಉಪ್ಪು ಹತ್ತಿದ ಸೂಜಿ ಊಟದಲ್ಲಿ ಬಿತ್ತು ಅಂದಿರಲ್ಲ, ರೋಗಿಗೆ ಏನೂ ಆಗಲಿಲ್ಲ ತಾನೆ ಎಂದು ಸಣ್ಣ ದನಿಯಲ್ಲೇ ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಎಂಟು ದಿನದಲ್ಲಿ ಆ ಪ್ರಶ್ನೆ ಅವನ ತಲೆಗೆ ಬಂದೇ ಇರಲಿಲ್ಲ. ಬಾಟಲಿಗಳಿಗೆ ಏನಾಯಿತು ಎಂದು ದಿನಕ್ಕೆ ಹತ್ತು ಸಲ ನೋಡಿದ್ದ.

ಅವನು ಮತ್ತೆ ನೆಲಮಾಳಿಗೆಗೆ ಇಳಿದ. ಒಂದು ಗಂಟೆಯಾಗುತ್ತಿತ್ತು, ಅಕ್ಕ ಕೈ ಒರೆಸಿಕೊಂಡು ಹೊರಡುವುದರಲ್ಲಿದ್ದಳು. ಎಲ್ಲ ಹೇಳಿದೆ ಅಕ್ಕಾ ಎಂದ. ಅವಳು ಸರಿ ಎಂದಳು. ಹೋದ ವಾರ, ಗುರುವಾರ, ಆ ಊಟ ಎಂದು ಶುರುಮಾಡಿದ. ಏನು ಕೇಳುತ್ತಿದ್ದಾನೆಂದು ಅವಳಿಗೆ ಅರ್ಥವಾಯಿತು.

"ಕೊಡಲಿಲ್ಲ ಸಾರ್. ಮುಚ್ಚಳ ಸಡಿಲ ಇತ್ತು, ಬಟ್ಟೆಯೆಲ್ಲ ಒದ್ದೆ. ನೀವೇನೋ ಅದ್ರಲ್ಲಿ ಹಾಕಿರಬಹುದು ಅಂತ ಅನುಮಾನ ಬಂತು. ಆಸ್ಪತ್ರೆ ತೊಟ್ಟಿಗೆ ಸುರಿದೆ. ಸಂಜೆ ಮನೆಗೆ ಹೋಗಿ ಮತ್ತೆ ಮಾಡ್ಕೊಂಡು ಬರೋವರೆಗೂ ಅವರು ಹಸ್ಕೊಂಡೇ ಇದ್ರು. ಬಾಯಿಬಿಟ್ಟು ಹಸಿವು ಅನ್ನೋಕೂ ಆಗಲ್ಲ ಅವರಿಗೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಅವನಿಗೆ ಇನ್ನೂ ಕಷ್ಟವಾಯಿತು. ಒಬ್ಬ ಮನುಷ್ಯನನ್ನು ಹಗಲಿಡೀ ಉಪವಾಸ ಕೆಡವಿದ್ದೇನೆ ಎಂಬುದಕ್ಕಿಂತಲೂ, ಈ ಹೆಂಗಸು ತನ್ನನ್ನು ಅಂಥವನೆಂದು ಭಾವಿಸಿದಳಲ್ಲ ಎನ್ನುವುದೇ ಮೊದಲು ಚುಚ್ಚಿತು, ಮತ್ತು ಹಾಗೆ ಚುಚ್ಚಿದ್ದಕ್ಕೆ ನಾಚಿಕೆಯಾಯಿತು. ಆದರೂ ಮಾತು ಬಾಯಿಂದ ಜಾರಿಯೇ ಹೋಯಿತು.

"ನಾನು ಏನೂ ಹಾಕಿರಲಿಲ್ಲ, ಅಕ್ಕಾ. ನಂಬಿ."

ಅಕ್ಕ ಅವನ ಮುಖವನ್ನು ನೋಡಿದಳು.

"ನಾನೂ ಅಷ್ಟೇ ಹೇಳಿದ್ದೆ, ಸಾರ್," ಎಂದು ಆಸ್ಪತ್ರೆಗೆ ಹೊತ್ತಾಗುತ್ತದೆಂದು ಹೊರಟಳು.